ಗುಂಪಿನಲ್ಲಿ ಎಲ್ಲರಿಗೂ ಒಂದು ಪಾಲು



ಹೈಸ್ಕೂಲಿನ ದಿನಗಳಲ್ಲಿ ನಾವು ನಾಲ್ವರು ಗೆಳೆಯರು ಸಂಜೆ ಇಂಗ್ಲಿಷ್ ಹೋಂವರ್ಕ್‌ಗೆ ಒಟ್ಟಿಗೆ ಕೂರುತ್ತಿದ್ದೆವು. ಉತ್ತರವನ್ನೆಲ್ಲ ನಾನೇ ಬರೆಯುತ್ತಿದ್ದೆ. ಉಳಿದವರು ನೋಡಿ ಬರೆದುಕೊಳ್ಳುತ್ತಿದ್ದರು. ಸಹಾಯ ಮಾಡುತ್ತಿದ್ದೇನೆಂದು ನನಗೆ ಹೆಮ್ಮೆ. ಅವರಲ್ಲೊಬ್ಬ ಈಗಲೂ ಬ್ಯಾಂಕಿನಿಂದ ಇಂಗ್ಲಿಷ್ ಪತ್ರ ಬಂದರೆ ಫೋಟೊ ತೆಗೆದು ನನಗೆ ಕಳಿಸುತ್ತಾನೆ. "ಆಗ ನೀನೇ ಬರೀತಿದ್ದೆ, ಈಗ ನೀನೇ ಓದಿ ಹೇಳು ಮಾರಾಯ" ಎಂದು ನಗುತ್ತಾನೆ. ನನಗೆ ನಗು ಬರುವುದಿಲ್ಲ. ಅವನು ಕಲಿಯಬೇಕಾದದ್ದನ್ನು ನಾನು ಬರೆದುಬಿಟ್ಟಿದ್ದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಚಿಕ್ಕ ಮಕ್ಕಳು ಗುಂಪುಗಳಲ್ಲಿ ಕಲಿಯುತ್ತಾರೆ. ಶಿಕ್ಷಕರ ನೆರವಿನ ಗುಂಪಿದೆ, ಗೆಳೆಯರ ನೆರವಿನ ಗುಂಪಿದೆ, ತಾವೇ ಕಲಿಯುವ ಗುಂಪೂ ಇದೆ. ಆದರೆ ಕಲಿಕಾ ಏಣಿಯ ಮೆಟ್ಟಿಲನ್ನು ಪ್ರತಿ ಮಗುವೂ ತಾನೇ ಹತ್ತಬೇಕು.

ಹೈಸ್ಕೂಲಿನ ಭಾಷಾ ತರಗತಿಯಲ್ಲೂ ಇದು ಸಾಧ್ಯ. ನಾಲ್ವರಲ್ಲಿ ಒಬ್ಬರು ಓದಲಿ, ಒಬ್ಬರು ಅರ್ಥ ಹೇಳಲಿ, ಒಬ್ಬರು ಬರೆಯಲಿ, ಒಬ್ಬರು ಎದ್ದುನಿಂತು ತರಗತಿಗೆ ವಿವರಿಸಲಿ. ಮರುದಿನ ಕೆಲಸ ಅದಲುಬದಲಾಗಲಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಷ್ಟೇ: ಎಲ್ಲವೂ ಒಬ್ಬನಿಗೇ ಗೊತ್ತಿದ್ದರೆ, ಅವನು ರಜೆ ಹಾಕಿದ ದಿನ ಕೆಲಸ ನಿಲ್ಲುತ್ತದೆ.

ಚೆನ್ನಾಗಿ ಓದುವ ಮಕ್ಕಳೇ, ಪಕ್ಕದವರಿಗೆ ಉತ್ತರ ಕೊಟ್ಟುಬಿಡಬೇಡಿ. ತಡವರಿಸಿಯಾದರೂ ಅವರೇ ಹೇಳುವವರೆಗೆ ಕಾಯಿರಿ. ನಾನು ಕಾಯಲಿಲ್ಲ.