ಮುಚ್ಚಿದ ಕೋಣೆಯಿಂದ ಮನೆಮನೆಗೆ



ಧಾರಾವಾಹಿ ಬರೆದವರನ್ನು ಓದುಗರು ಮೆಚ್ಚುತ್ತಾರೆ, ವಿಮರ್ಶಕರು ಮೂಗು ಮುರಿಯುತ್ತಾರೆ. ಈ ಮಾತಿಗೆ ಕ್ರೊಯೇಷಿಯಾದ ಕಾದಂಬರಿಗಾರ್ತಿ ಮರಿಯಾ ಯೂರಿಚ್ ಅವರ ಬದುಕೇ ನಿದರ್ಶನ. 1873ರಲ್ಲಿ ಹುಟ್ಟಿದ ಆಕೆ ‘ಝಾಗೋರ್ಕಾ’ ಎಂಬ ಕಾವ್ಯನಾಮದಿಂದಲೇ ಪ್ರಸಿದ್ಧರು. ಝಾಗೋರ್ಯೆ ಸೀಮೆಯ ಹೆಣ್ಣು ಎಂಬುದು ಅದರ ಅರ್ಥ.

ಕ್ರೊಯೇಷಿಯಾ ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಭಾಗ. ಆಕೆಯನ್ನು ವಯಸ್ಸಿನಲ್ಲಿ ಬಹಳ ಹಿರಿಯನಾದ ಹಂಗೆರಿಯ ರೈಲ್ವೆ ಅಧಿಕಾರಿಗೆ ಮದುವೆ ಮಾಡಿಕೊಟ್ಟರು. ಆ ಸಂಸಾರ ಸೆರೆಮನೆಯಂತಾದಾಗ ತಪ್ಪಿಸಿಕೊಂಡು ಬಂದರು. ಆದರೆ ಅಲ್ಲಿ ಕಲಿತ ಹಂಗೆರಿಯನ್ ಭಾಷೆ ಮುಂದೆ ಬುಡಾಪೆಸ್ಟ್ ಸಂಸತ್ತಿನ ವರದಿಗಾರಿಕೆಗೆ ನೆರವಾಯಿತು. 1896ರಲ್ಲಿ ‘ಒಬ್ಜೋರ್’ ಪತ್ರಿಕೆಗೆ ಬರೆದ ಮೊದಲ ಲೇಖನದ ವಿಷಯ: ಕ್ರೊಯೇಷಿಯಾದ ರೈಲು ನಿಲ್ದಾಣಗಳಲ್ಲಿ ಹಂಗೆರಿಯನ್ ಭಾಷೆಯ ದರ್ಬಾರು.

ಪತ್ರಿಕಾ ಕಚೇರಿಯಲ್ಲಿ ಹೆಣ್ಣು ದುಡಿಯುವುದು ಹಲವರಿಗೆ ಹಿಡಿಸಲಿಲ್ಲ. ಬಿಷಪ್ ಸ್ಟ್ರೋಸ್‌ಮಾಯರ್ ಹೇಳಿದ ಮೇಲೆ ಕೆಲಸವೇನೋ ಸಿಕ್ಕಿತು. ಆದರೆ ಯಾರ ಕಣ್ಣಿಗೂ ಬೀಳದಂತೆ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. 1903ರಲ್ಲಿ ಪ್ರಾಂತಾಧಿಪತಿ ಖುಯೆನ್ ಹೆದರ್ವಾರಿಯ ವಿರುದ್ಧ ಜನ ಸಿಡಿದೆದ್ದಾಗ ಸಂಪಾದಕರು ಜೈಲು ಸೇರಿದರು. ಐದು ತಿಂಗಳು ಪತ್ರಿಕೆಯನ್ನು ನಡೆಸಿದವರು ಆ ಕೋಣೆಯ ಹೆಣ್ಣುಮಗಳೇ!

ಕಾದಂಬರಿಯ ಕಡೆಗೆ ಆಕೆಯನ್ನು ತಿರುಗಿಸಿದವರೂ ಆ ಬಿಷಪ್ಪರೇ. ಝಾಗ್ರೆಬ್ ನಗರದ ಜನ ಅಗ್ಗದ ಜರ್ಮನ್ ಕಥೆಗಳಿಗೆ ಮರುಳಾಗಿದ್ದರು. ಸ್ವಂತ ಭಾಷೆಯಲ್ಲಿ ಅಷ್ಟೇ ರೋಚಕವಾದ ಕಥೆ ಸಿಕ್ಕರೆ ಓದುಗರು ಮರಳುತ್ತಾರೆ ಎಂಬುದು ಲೆಕ್ಕಾಚಾರ. ಅದು ಹುಸಿಯಾಗಲಿಲ್ಲ. ‘ಗ್ರಿಚ್‌ನ ಮಾಟಗಾತಿ’ ಕಾದಂಬರಿಮಾಲೆ ಮನೆಮಾತಾಯಿತು. ಹದಿನೆಂಟನೇ ಶತಮಾನದಲ್ಲಿ ಮಾಟಗಾತಿಯರೆಂಬ ಆರೋಪ ಹೊತ್ತ ಹೆಂಗಸರನ್ನು ರಕ್ಷಿಸಲು ಹೊರಟು, ತಾನೇ ಅದೇ ಆರೋಪಕ್ಕೆ ಗುರಿಯಾಗುವ ನೇರಾ ಎಂಬ ಯುವತಿ ಅದರ ನಾಯಕಿ. 1910ರ ‘ಪೆತ್ರಿನ್ಯಾ ಬೀದಿಯ ರಾಜಕುಮಾರಿ’ಯನ್ನು ಕ್ರೊಯೇಷಿಯನ್ ಭಾಷೆಯ ಮೊದಲ ಪತ್ತೇದಾರಿ ಕಾದಂಬರಿ ಎನ್ನುತ್ತಾರೆ.

ಪಂಡಿತರು ಮಾತ್ರ ಇವೆಲ್ಲ ಕಸವೆಂದರು. ಝಾಗೋರ್ಕಾ ಬರೆಯುವುದನ್ನು ಬಿಡಲಿಲ್ಲ. 1925ರಲ್ಲಿ ಮಹಿಳೆಯರಿಗಾಗಿ ‘ಝೆನ್‌ಸ್ಕಿ ಲಿಸ್ಟ್’ ಪತ್ರಿಕೆ ಆರಂಭಿಸಿದರು. ನಂತರದ ‘ಹ್ರ್ವಾತಿತ್ಸಾ’ ಪತ್ರಿಕೆಯನ್ನು 1941ರಲ್ಲಿ ಅಧಿಕಾರಕ್ಕೇರಿದ ಫ್ಯಾಸಿಸ್ಟ್ ಉಸ್ತಾಶಾ ಸರ್ಕಾರ ಮುಚ್ಚಿಸಿ, ಆಕೆಯ ಆಸ್ತಿಯನ್ನೂ ಕಿತ್ತುಕೊಂಡಿತು. 1957ರಲ್ಲಿ ಆಕೆ ಝಾಗ್ರೆಬ್‌ನಲ್ಲಿ ತೀರಿಕೊಂಡರು.

ಇಂದು ಆ ನಗರದ ಟ್ಕಾಲ್ಚಿಚ್ ಬೀದಿಯಲ್ಲಿ ಆಕೆಯ ಪ್ರತಿಮೆಯಿದೆ. ಯಾರಿಗೂ ಕಾಣಬಾರದೆಂದು ಒಳಗೆ ಕೂರಿಸಿದವರನ್ನು ಊರು ನಡುಬೀದಿಯಲ್ಲಿ ನಿಲ್ಲಿಸಿದೆ. ಕಸವೆಂದ ಕಾದಂಬರಿಗಳನ್ನು ಓದುಗರು ಶತಮಾನದ ಬಳಿಕವೂ ಕೈಬಿಟ್ಟಿಲ್ಲ. ಜನಪ್ರಿಯವಾದದ್ದೆಲ್ಲ ಹಗುರವೆಂದು ತಳ್ಳಿಹಾಕುವ ಮೊದಲು, ಅದು ಓದುವ ಹಸಿವಿದ್ದ ಜನರಿಗೆ ಅವರ ಭಾಷೆಯನ್ನು ಉಳಿಸಿಕೊಟ್ಟಿದೆಯೇ ಎಂದು ಕೇಳಬೇಕಲ್ಲವೇ?