ಹಂಚಿದ ಮಾತ್ರೆ, ನುಂಗಿದ ಮಾತ್ರೆ



ಬಸುರಿಯರಿಗೆ ಕೊಡುವ ಪೋಷಕ ಮಾತ್ರೆಯ ಕಥೆಯಲ್ಲಿ ಅರ್ಧ ನಮ್ಮ ನೆಲದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ, ಜೀವಕ್ಕೇ ಕುತ್ತಾಗುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಬೆನ್ನು ಹತ್ತಿದರು. ಆ ಹೆಂಗಸರು ಏನು ಉಣ್ಣುತ್ತಾರೆ, ಏನು ಉಣ್ಣುವುದಿಲ್ಲ ಎಂದು ನೋಡಿದರು. ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಅದರೊಳಗಿದ್ದ ಅಂಶಕ್ಕೆ ಫೋಲಿಕ್ ಆಮ್ಲ ಎಂಬ ಹೆಸರು ಬಂದದ್ದು 1941ರಲ್ಲಿ.

1970ರಲ್ಲಿ ಭಾರತ ಸರ್ಕಾರ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚಲು ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರುಮಾಡಿತು. ಈಗಿನ ನಿಯಮದಂತೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದು ಮಾತ್ರೆ, 180 ದಿನ. ಹೆರಿಗೆಯ ನಂತರ ಇನ್ನೂ 180 ದಿನ. ಅರ್ಧ ಶತಮಾನ ಕಳೆದ ಮೇಲೆ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಕಂಡದ್ದೇನು? ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ. 45.7. ಬಸುರಿನಲ್ಲಿ 180 ದಿನ ಮಾತ್ರೆ ನುಂಗಿದೆ ಎಂದ ತಾಯಂದಿರು ದೇಶದಲ್ಲಿ ಶೇ. 26 ಮಾತ್ರ.

ಗರ್ಭಿಣಿಯ ಆರೋಗ್ಯದ ದಾಖಲೆಯಾದ ತಾಯಿ ಕಾರ್ಡಿನಲ್ಲಿ ಕೊಟ್ಟ ಮಾತ್ರೆಯ ಲೆಕ್ಕ ಸಿಗುತ್ತದೆ, ಹೊಟ್ಟೆಗೆ ಹೋದದ್ದರ ಲೆಕ್ಕ ಸಿಗುವುದಿಲ್ಲ. ಮೊದಲೇ ವಾಂತಿಯಿಂದ ಬಳಲಿದವಳಿಗೆ ಕಬ್ಬಿಣದಿಂದ ಮತ್ತಷ್ಟು ಹೊಟ್ಟೆ ತೊಳಸು, ಮಲಬದ್ಧತೆ. ಮಲ ಕಪ್ಪಾಗುವುದು ಸಹಜ ಎಂದು ಯಾರೂ ಮೊದಲೇ ಹೇಳದಿದ್ದರೆ ಆಕೆ ಹೆದರಿ ನಿಲ್ಲಿಸುತ್ತಾಳೆ. ‘ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತೆ’ ಎಂಬ ಹಿರಿಯರ ಎಚ್ಚರಿಕೆ ಬೇರೆ. ಇವರನ್ನೆಲ್ಲ ‘ತಿಳಿವಳಿಕೆ ಇಲ್ಲದವರು’ ಎಂದು ತಳ್ಳಿಹಾಕುವ ಭಾಷಣಗಳು ನನಗೆ ರುಚಿಸುವುದಿಲ್ಲ. ಮೈಗೆ ಒಗ್ಗದ್ದನ್ನು ಬಿಡುವುದು ದಡ್ಡತನವಲ್ಲ. ಹಾಗಾದಾಗ ಏನು ಮಾಡಬೇಕೆಂದು ಹೇಳುವವರು ಹತ್ತಿರ ಇಲ್ಲದಿರುವುದು ವ್ಯವಸ್ಥೆಯ ಕೊರತೆ. ಮನೆಮನೆಗೆ ಅಲೆಯುವ ಆಶಾ ಕಾರ್ಯಕರ್ತೆಗೆ ನಾವು ಕೊಟ್ಟಿರುವುದು ರಿಜಿಸ್ಟರು. ಕೂತು ಮಾತಾಡುವ ಪುರುಸೊತ್ತನ್ನಲ್ಲ.

ಮಾತ್ರೆ ಊಟದ ಜಾಗ ತುಂಬುವುದೂ ಇಲ್ಲ. ಈ ಮಾತನ್ನು ಒಪ್ಪಿಯೇ ಕರ್ನಾಟಕ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಎಂಬ ಯೋಜನೆ ಆರಂಭಿಸಿತು: ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ, ಜೊತೆಗೆ ಮಾತ್ರೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಗೆ ಅವಳದೇ ಪಾಲಿನ ತಟ್ಟೆ ಸಿಗಲಿ ಎಂಬ ಯೋಚನೆ ಬಹಳ ಸರಿ. ಆದರೆ ಮಲೆನಾಡಿನ ಒಂಟಿ ಮನೆಯಿಂದ ತುಂಬು ಗರ್ಭಿಣಿ ಮಳೆಯಲ್ಲಿ ದಿನಾ ನಡೆದು ಬರಲಿ ಎನ್ನುವುದು, ಕೂಲಿ ಬಿಟ್ಟು ಬಾ ಎನ್ನುವುದು, ಕಾಗದದ ಮೇಲಷ್ಟೇ ಸುಲಭ.

ಇನ್ನು ಕ್ಯಾಲ್ಸಿಯಂ. ಗರ್ಭಿಣಿಯ ರಕ್ತದೊತ್ತಡ ಏರಿ ತಾಯಿ-ಮಗು ಇಬ್ಬರಿಗೂ ಅಪಾಯವಾಗುವುದನ್ನು ಇದು ತಗ್ಗಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಉಣ್ಣುವ ಕಡೆ ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟು ಬೇಕೇ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಚೊಚ್ಚಲ ಬಸುರಿನ 11,000 ಮಹಿಳೆಯರಲ್ಲಿ ಪರೀಕ್ಷಿಸಿದರು. ಟಾಂಜಾನಿಯಾದಲ್ಲೂ ಇಂಥದ್ದೇ ಪರೀಕ್ಷೆ ನಡೆಯಿತು. 2024ರಲ್ಲಿ ಹೊರಬಂದ ಫಲಿತಾಂಶದಂತೆ, ಈ ತೊಂದರೆ ತಡೆಯುವುದರಲ್ಲಿ 500 ಮಿಲಿಗ್ರಾಂ 1500ಕ್ಕಿಂತ ಹಿಂದೆ ಬೀಳಲಿಲ್ಲ. ನಮ್ಮ ಕಾರ್ಯಕ್ರಮದಲ್ಲಿ ಈಗಿರುವುದು 500ರ ಎರಡು ಮಾತ್ರೆ. ಕ್ಯಾಲ್ಸಿಯಂ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆದ್ದರಿಂದ ದಿನಕ್ಕೆ ಮೂರು ಹೊತ್ತು ಮಾತ್ರೆಯ ನೆನಪಿಡಬೇಕು. ಒಂದೇ ಕ್ಯಾಲ್ಸಿಯಂ ಸಾಕೆಂದು ಸರ್ಕಾರ ಒಪ್ಪಿದರೆ ಮಧ್ಯಾಹ್ನ ಊಟದೊಡನೆ ಅದೊಂದು, ರಾತ್ರಿ ಮಲಗುವ ಮುನ್ನ ಕಬ್ಬಿಣದ್ದೊಂದು. ಅಷ್ಟಾದರೆ ಗದ್ದೆ ಕೆಲಸದವಳಿಗೂ ನೆನಪಿಟ್ಟುಕೊಳ್ಳಲು ಆದೀತು.