ಕೂಸಿನ ತೂಕ, ಔಷಧದ ಅಳತೆ

(ಪಾಲಕರ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಸಭೆಯಲ್ಲಿ ಮಾತನಾಡುವುದು ದಾದಿಯ ಕಸುಬಲ್ಲ. ಆದರೂ ಸಂಸ್ಥೆಯ ಹಿರಿಯರ ಅಪ್ಪಣೆಯನ್ನು ಮೀರಲಾರದೆ, ನಾನು ದಿನವೂ ಮಾಡುವ ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ.

ವಯಸ್ಸು ನೋಡಿ ಔಷಧ ಕೊಡುವುದು ಹಳೆಯ ವಾಡಿಕೆ. ವಯಸ್ಸನ್ನು, ಅದಕ್ಕೆ ಹನ್ನೆರಡು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ, ದೊಡ್ಡವರ ಪ್ರಮಾಣದಲ್ಲಿ ಅಷ್ಟು ಪಾಲು ಕೊಡಬೇಕೆಂಬ ಯಂಗ್ ಅವರ ಸೂತ್ರವು ಬಹುಕಾಲ ಬಳಕೆಯಲ್ಲಿತ್ತು. ನಾಲ್ಕು ವರ್ಷದ ಮಗುವಿಗೆ ಕಾಲು ಪಾಲು. ಲೆಕ್ಕವೇನೋ ಸುಲಭ, ಆದರೆ ನಮ್ಮ ಜತ್ತ ತಾಲೂಕಿನಂತಹ ಬರದ ಸೀಮೆಯಲ್ಲಿ ಒಂದೇ ವಯಸ್ಸಿನ ಎರಡು ಕೂಸುಗಳು ಒಂದೇ ತೂಕದವಾಗಿರುವುದು ಅಪರೂಪ. ಕಬ್ಬು ಕಡಿಯಲು ಹೋದ ತಂದೆತಾಯಿಗಳೊಡನೆ ಅಲೆದು ಬಂದ ಕೂಸಿನ ಮೈಯನ್ನು ತಾವೇ ಕಂಡಿದ್ದೀರಿ. ಆದುದರಿಂದ ಮೊದಲು ತಕ್ಕಡಿ, ಆಮೇಲೆ ಔಷಧ.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳಿರಿ. ಒಂದು ಸಲಕ್ಕೆ ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಕೂಸಿಗೆ ಹೆಚ್ಚೆಂದರೆ 150. ಎರಡು ಸಲದ ನಡುವೆ ನಾಲ್ಕು ತಾಸಾದರೂ ಕಳೆಯಬೇಕು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಾಗಬಾರದು. ಇನ್ನು ಬಾಟಲಿಗಳನ್ನು ನೋಡಿರಿ. ಒಂದರಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಹನಿ ಹಾಕುವ ಪುಟ್ಟ ಬಾಟಲಿಯಲ್ಲಿಯೋ ಒಂದೇ ಮಿಲಿಲೀಟರಿಗೆ 100! ಹೀಗಾಗಿ ಆ ಕೂಸಿಗೆ ಮೊದಲನೆಯದರಲ್ಲಿ 6, ಎರಡನೆಯದರಲ್ಲಿ 3, ಹನಿಯ ಬಾಟಲಿಯಲ್ಲಿ ಒಂದೂವರೆ ಮಿಲಿಲೀಟರ್ ಸಾಕು.

ಒಮ್ಮೆ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಬಂದಳು. ಚೀಟಿಯಲ್ಲಿ 6 ಎಂದಿತ್ತು. ಕೈಯಲ್ಲಿದ್ದುದು ಹನಿಯ ಬಾಟಲಿ. "ಅಕ್ಕಾ, ಇದನ್ನ ಆರು ಹಾಕಲೇನ್ರಿ?" ಎಂದು ಕೇಳಿದಳು. ಕೇಳಿದ್ದರಿಂದ ಉಳಿಯಿತು. ಕೇಳದೆ ಹಾಕಿದ್ದರೆ ನಾಲ್ಕು ಪಟ್ಟು ಔಷಧ ಆ ಸಣ್ಣ ಯಕೃತ್ತಿನ ಮೇಲೆ ಬೀಳುತ್ತಿತ್ತು. ಅವಳು ದಡ್ಡಳಲ್ಲ, ಬಾಟಲಿಯ ಮೇಲಿನ ಬರಹ ಇಂಗ್ಲಿಷು, ಅಂಗಡಿಯವನ ಮಾತು ಮರಾಠಿ, ಅವಳ ಮನೆಮಾತು ಕನ್ನಡ. ಗಡಿಯಲ್ಲಿರುವ ನಮಗೆ ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ.

ಆಸ್ಪತ್ರೆಯಲ್ಲಿ ಅಪಾಯದ ಔಷಧವಾದರೆ ಇಬ್ಬರು ದಾದಿಯರು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತೇವೆ. ಒಬ್ಬಳ ಉತ್ತರವನ್ನು ಇನ್ನೊಬ್ಬಳು ಮೊದಲೇ ನೋಡುವಂತಿಲ್ಲ. ಅರ್ಧವನ್ನು 0.5 ಎಂದೇ ಬರೆಯಬೇಕು; ಮುಂದಿನ ಸೊನ್ನೆ ಬಿಟ್ಟರೆ ಬಿಂದು ಮಾಸಿ ಐದಾದೀತು. ಪ್ರಮಾಣ ಹೆಚ್ಚೆಂದು ತೋರಿದರೆ ವೈದ್ಯರನ್ನು ಕೇಳಿಯೇ ಕೊಡಬೇಕು. ಕೇಳಲು ಮೊದಮೊದಲು ನನಗೂ ಅಂಜಿಕೆಯಾಗುತ್ತಿತ್ತು.

ಮನೆಯಲ್ಲಿ ಅಡಿಗೆಯ ಚಮಚೆಯಿಂದ ಅಳೆಯಬೇಡಿರಿ. ಒಂದು ಮನೆಯ ಚಮಚೆ ಇನ್ನೊಂದು ಮನೆಯದರಂತಿರುವುದಿಲ್ಲ. ಬಾಟಲಿಯೊಡನೆ ಬಂದ ಅಳತೆಯ ಮುಚ್ಚಳ, ಇಲ್ಲವೆ ಸೂಜಿಯಿಲ್ಲದ ಸಿರಿಂಜು ಒಳ್ಳೆಯದು. ಭೇದಿಗೆ ಕೊಡುವ ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಲೋಟದಲ್ಲಿ ಕಲಸಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಕೇಡು.

ಹೊರಗಿನ ಪಡಸಾಲೆಯಲ್ಲಿ ತಕ್ಕಡಿ ಇರಿಸಿದೆ. ಕೂಸುಗಳನ್ನು ಕರೆತಂದ ತಾಯಂದಿರು ತೂಗಿಸಿ, ತೂಕವನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಂಡೇ ಹೋಗಬೇಕಾಗಿ ವಿನಂತಿ.